ಹಳೆಯ ಹುಲಿಗಳನ್ನು ಮತ್ತೆ ಕಣಕ್ಕೆ ಇಳಿಸುವವರಿಗೆ

ಇವರಿಗೆ,
ಶ್ರೀ ಪಾಲ್ ಲೆವೆಕ್ ಉರ್ಫ್ ಟ್ರಿಪಲ್ ಎಚ್,
ಮುಖ್ಯ ಕಂಟೆಂಟ್ ಅಧಿಕಾರಿಗಳು, ಡಬ್ಲ್ಯುಡಬ್ಲ್ಯುಇ,
ಸ್ಟ್ಯಾಮ್‌ಫರ್ಡ್, ಕನೆಕ್ಟಿಕಟ್, ಅಮೆರಿಕ.

ವಿಷಯ: ನಿವೃತ್ತರಾದ ಪೈಲ್ವಾನರನ್ನು ನಿಮ್ಮ ಟಿವಿ ಕುಸ್ತಿಗೆ ಮರಳಿ ಕರೆಸುವ ರೀತಿಯ ಬಗ್ಗೆ ಒಬ್ಬ ಹಳೆಯ ಪ್ರೇಕ್ಷಕನ ದೂರು ಮತ್ತು ವಿನಂತಿ.

ಮಾನ್ಯರೇ,

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸ್ಟೇಷನರಿ ಹಾಗೂ ಝೆರಾಕ್ಸ್ ಅಂಗಡಿ ಇದೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರು ಬಿಟ್ಟು ಬರುವ ಮುಂಚೆ ನಮ್ಮ ತಂದೆ ಅಲ್ಲಿನ ಪೇಟೆಯಲ್ಲಿ ಇದೇ ವ್ಯಾಪಾರ ಮಾಡುತ್ತಿದ್ದರು. 1990ರ ದಶಕದಲ್ಲಿ ಶಾಲೆ ಬಿಟ್ಟ ಮೇಲೆ ಗಲ್ಲೆಯ ಮೇಲೆ ಕೂಡುತ್ತಿದ್ದವನು ನಾನು. ಆಗ ನೋಟ್‌ಬುಕ್ಕಿಗಿಂತ, ಪೆನ್ಸಿಲ್ಲಿಗಿಂತ ಬೇಗ ಖರ್ಚಾಗುತ್ತಿದ್ದುದು ನಿಮ್ಮ ಪೈಲ್ವಾನರ ಚಿತ್ರಗಳಿದ್ದ ಕಾರ್ಡ್ ಕಟ್ಟುಗಳು. ಅವುಗಳಿಂದ ನಿಮ್ಮ ಕಂಪನಿಗೆ ಒಂದು ಪೈಸೆಯೂ ಮುಟ್ಟಿರಲಿಕ್ಕಿಲ್ಲ. ಆ ಲೆಕ್ಕವನ್ನು ಈಗ ಕೆದಕುವುದು ಬೇಡ. ಹುಡುಗರು ಅಂಗಡಿಯ ಕಟ್ಟೆಯ ಮೇಲೆಯೇ ಕಟ್ಟು ಬಿಚ್ಚಿ ಆಟಕ್ಕೆ ಕೂಡುತ್ತಿದ್ದರು. ಒಬ್ಬ "ಎತ್ತರ" ಎನ್ನುತ್ತಿದ್ದ, ಇನ್ನೊಬ್ಬ "ತೂಕ" ಎನ್ನುತ್ತಿದ್ದ, ಯಾರ ಕಾರ್ಡಿನ ಅಂಕಿ ದೊಡ್ಡದೋ ಅವನು ಎರಡೂ ಕಾರ್ಡು ಎತ್ತಿಕೊಳ್ಳುತ್ತಿದ್ದ. ಎದೆಯ ಸುತ್ತಳತೆ, ತೋಳಿನ ಸುತ್ತಳತೆ, ಆಡಿದ ಕುಸ್ತಿ, ಗೆದ್ದ ಕುಸ್ತಿ ಎಲ್ಲ ಆ ಕಾರ್ಡಿನಲ್ಲಿ ಇರುತ್ತಿದ್ದವು. ನಾನು ಮಾರಿದ ಯಾವ ಕಟ್ಟಿನಲ್ಲಿಯೂ ವಯಸ್ಸಿನ ಕಾಲಂ ಇರಲಿಲ್ಲ. ಆಗ ಅದು ನಮಗೆ ಕೊರತೆಯೆಂದು ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ, ಅದಕ್ಕಾಗಿಯೇ ಈ ಪತ್ರ.

ನಾನು ನಿಮ್ಮ ಆಟವನ್ನು ಕೇಬಲ್ ಬಂದ ಹೊಸತರಿಂದ ನೋಡುತ್ತಾ ಬಂದವನು. ನಿಮ್ಮ ಪೈಲ್ವಾನ ಅಂಡರ್‌ಟೇಕರ್ ಏಳು ಸಲ ಸತ್ತು ಏಳು ಸಲ ಎದ್ದು ಬಂದವನು ಎಂದು ನಂಬಿದ್ದ ಪೀಳಿಗೆ ನಮ್ಮದು. ಏಳು ಎಂಬ ಲೆಕ್ಕ ಯಾರದೆಂದು ಗೊತ್ತಿಲ್ಲ, ಆದರೆ ನಮ್ಮ ಓಣಿಯಲ್ಲಿ ಅದನ್ನು ಅನುಮಾನಿಸಿದವನು ಒಬ್ಬನೂ ಇರಲಿಲ್ಲ. ಅಂದರೆ ಹೋದವರು ಮರಳಿ ಬರುವುದು ನಮಗೆ ಹೊಸದಲ್ಲ, ಬೇಡದ್ದೂ ಅಲ್ಲ. ಅವನು ಬರುವ ಮುಂಚೆ ಘಂಟೆ ಬಾರಿಸಿ ದೀಪ ಆರಿದಾಗ ಮೈ ಜುಮ್ಮೆಂದದ್ದು ಸುಳ್ಳಲ್ಲ. ನನ್ನ ತಕರಾರು ಬರುವುದರ ಬಗ್ಗೆ ಇಲ್ಲ. ಬಂದವರು ಏನು ಒಯ್ದರು, ಏನು ಬಿಟ್ಟು ಹೋದರು ಎಂಬುದರ ಬಗ್ಗೆ ಇದೆ.

ನಡುವೆ ಒಂದು ಮಾತು. ಈ ಪತ್ರ ಬರೆಯುತ್ತಿದ್ದೇನೆ ಎಂದು ಹೇಳಿದಾಗ ಪಕ್ಕದ ಔಷಧಿ ಅಂಗಡಿಯವರು ನಕ್ಕು, "ಅದೆಲ್ಲ ನಾಟಕವಲ್ಲವೇ?" ಎಂದರು. ಹೌದು, ನಾಟಕವೇ. ಆದರೆ ನಮ್ಮ ಕಡೆ ನಾಟಕ ಎಂದರೆ ಹೀಯಾಳಿಕೆಯ ಮಾತಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ಬರುವ ಕಂಪನಿಗಳ ನಾಟಕವನ್ನು ರಾತ್ರಿಯಿಡೀ ನೋಡಿ, ಬೆಳಿಗ್ಗೆ ಅದೇ ಕಣ್ಣಿನಲ್ಲಿ ಅಂಗಡಿ ತೆಗೆದವರು ನಾವು. ಪಾರಿಜಾತದಲ್ಲಿ ಮೀಸೆ ಬೋಳಿಸಿದ ಗಂಡಸು ಸತ್ಯಭಾಮೆಯಾಗಿ ಮುನಿಸಿಕೊಂಡರೆ ನಮ್ಮ ಅವ್ವ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟಿರುತ್ತೀರಿ ಎನ್ನುವುದು ನಿಮ್ಮ ತಪ್ಪನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚು ಮಾಡುತ್ತದೆ. ನಿಜವಾದ ಕುಸ್ತಿಯಲ್ಲಿ ಮುದುಕ ಗೆದ್ದರೆ ಅದು ಅವನ ಕಸುವು. ನಿಮ್ಮಲ್ಲಿ ಮುದುಕ ಗೆದ್ದರೆ ಅದು ಬರೆದವರ ತೀರ್ಮಾನ.

ನಿಜವಾದ ಕುಸ್ತಿಯ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನನ್ನ ಸೋದರಮಾವ ಮುಧೋಳದ ಕಡೆಯ ಒಂದು ಹಳ್ಳಿಯ ಪೈಲ್ವಾನ. ಎರಡೂ ಕಿವಿ ಮುರಿದು ಗಂಟಾದವು, ಕೊರಳು ಮತ್ತು ಭುಜ ಒಂದೇ ಆದಂತಹ ಆಳು. ಕಾಯಿ ಕುಸ್ತಿಯಿಂದ ಶುರು ಮಾಡಿ ಬೆಳ್ಳಿ ಕಡಗದವರೆಗೆ ಬಂದವರು. ಮೊಣಕಾಲು ಕೈಕೊಟ್ಟ ಮೇಲೆ ನಲವತ್ತೊಂದರಲ್ಲಿ ಲಂಗೋಟಿ ಬಿಚ್ಚಿಟ್ಟು ಕಬ್ಬು, ಎಮ್ಮೆ ನೋಡಿಕೊಂಡಿದ್ದರು. ಹತ್ತು ವರ್ಷದ ನಂತರ ಪಕ್ಕದ ಊರಿನ ಜಾತ್ರಾ ಕಮಿಟಿಯವರು ಮನೆಗೆ ಬಂದರು. ಆ ವರ್ಷ ಜೋಡಿಗಳು ಸರಿಯಾಗಿ ಕೂಡಿಬಂದಿರಲಿಲ್ಲ, ಜನ ಬರುವ ಭರವಸೆ ಇರಲಿಲ್ಲ. ಮಾವ ಒಪ್ಪುವ ಮುಂಚೆಯೇ ಫ್ಲೆಕ್ಸ್ ಅಚ್ಚಾಗಿತ್ತು. ಇಪ್ಪತ್ತು ವರ್ಷದ ಹಿಂದಿನ ಫೋಟೊ, ಕೆಳಗೆ "ಹಳೆಯ ಹುಲಿ ಮತ್ತೆ ಕಣಕ್ಕೆ" ಎಂಬ ಅಕ್ಷರ.

ಜನ ಬಂದರು, ಅದನ್ನು ಒಪ್ಪಬೇಕು. ಟ್ರ್ಯಾಕ್ಟರ್ ಟ್ರೇಲರ್‌ಗಳ ಮೇಲೆ, ಬೇವಿನ ಗಿಡದ ಮೇಲೆ, ಶಾಲೆಯ ಮಾಳಿಗೆಯ ಮೇಲೆ ಜನ. ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಹದ ಮಾಡಿದ ಕೆಮ್ಮಣ್ಣಿನ ವಾಸನೆ ಹಲಗೆಯ ಸದ್ದಿನ ಜೊತೆ ಬರುತ್ತಿತ್ತು. ಎದುರಾಳಿ ಇಪ್ಪತ್ತೆರಡರ ಹುಡುಗ, ತಾಲೀಮಿನಲ್ಲಿ ಒಳ್ಳೆಯ ಹೆಸರು ಮಾಡುತ್ತಿದ್ದವನು. ನಾನು ಮಾವನ ಚೀಲ ಹಿಡಿದುಕೊಂಡು ಹಗ್ಗದ ಪಕ್ಕದಲ್ಲಿಯೇ ನಿಂತಿದ್ದೆ. ಕುಸ್ತಿ ಹಿಡಿದ ಎರಡನೆಯ ನಿಮಿಷಕ್ಕೇ ಹುಡುಗ ಮಾವನ ಹಿಂದೆ ಬಂದು ಸೊಂಟ ಹಿಡಿದ. ಅಲ್ಲಿಂದ ಕೆಡವುವುದಕ್ಕೆ ಅವನಿಗೆ ಒಂದು ಉಸಿರು ಸಾಕಿತ್ತು. ಕೆಡವಲಿಲ್ಲ. ಬಿಟ್ಟ, ಮತ್ತೆ ಕೈ ಕೊಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ಇಪ್ಪತ್ತು ನಿಮಿಷ ಹಾಗೆಯೇ ನಡೆಯಿತು. ಪಂಚರು ಬರೋಬರಿ, ಅಂದರೆ ಸಮ ಎಂದು ಸಾರಿದರು. ಇಬ್ಬರಿಗೂ ಪೇಟ ಸುತ್ತಿದರು, ಜನ ಸೀಟಿ ಹೊಡೆದರು, ಕಮಿಟಿಯವರು ಮೈಕಿನಲ್ಲಿ ತಮ್ಮನ್ನು ತಾವೇ ಹೊಗಳಿಕೊಂಡರು.

ವಾಪಸ್ಸು ಬರುವಾಗ ಟೆಂಪೋದಲ್ಲಿ ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂಗಿ ಮೇಲೆತ್ತಿ, "ನನ್ನ ಬೆನ್ನು ನೋಡು" ಎಂದರು. ಕೈಯಿಂದ ತೂರಿದ ಮಣ್ಣು ಬೆವರಿನ ಜೊತೆ ಗೆರೆಗೆರೆಯಾಗಿ ಇಳಿದಿತ್ತು, ಅಷ್ಟೇ. ನೆಲ ಮುಟ್ಟಿದ ಗುರುತು ಎಲ್ಲಿಯೂ ಇರಲಿಲ್ಲ. "ಅವನು ನನ್ನ ಜೊತೆ ಕುಸ್ತಿ ಆಡಲಿಲ್ಲ. ಬೀಳದ ಹಾಗೆ ನನ್ನನ್ನು ಹಿಡಿದುಕೊಂಡಿದ್ದ" ಎಂದರು. ಹಿರಿಯರ ಮಾನ ಉಳಿಸು ಎಂದು ಕಮಿಟಿಯವರು ಆ ಹುಡುಗನಿಗೆ ಮೊದಲೇ ಹೇಳಿದ್ದರು ಎಂಬುದು ನಮಗೆ ನಂತರ ತಿಳಿಯಿತು. ಮಾವ ಆ ಪೇಟವನ್ನು ಮನೆಯೊಳಗೆ ತರಲಿಲ್ಲ, ಗೋದಲಿಯ ಗೂಟಕ್ಕೆ ಸಿಕ್ಕಿಸಿದರು. ಎಷ್ಟೋ ದಿನ ಅದು ಅಲ್ಲಿಯೇ ತೂಗುತ್ತಿತ್ತು.

ಲೆವೆಕ್ ಅವರೇ, ಮುದುಕನ ಮಾನಕ್ಕಾಗಿ ಆ ಹುಡುಗನಿಗೆ ಮಾಡಿದ್ದನ್ನೇ 2017ರ ಮಾರ್ಚ್ 5ರಂದು ನಿಮ್ಮ ಕಂಪನಿ ಕೆವಿನ್ ಓವನ್ಸ್ ಎಂಬ ಪೈಲ್ವಾನರಿಗೂ ಮಾಡಿತು, ಇನ್ನೂ ಕೆಟ್ಟದಾಗಿ. ಹಿಂದಿನ ಆಗಸ್ಟ್‌ನಿಂದ ಯುನಿವರ್ಸಲ್ ಚಾಂಪಿಯನ್ ಎಂಬ ಬೆಲ್ಟ್ ಹೊತ್ತು, ವಾರ ವಾರ ಬಂದು ಬೆವರು ಸುರಿಸಿದ ಮನುಷ್ಯ ಅವರು. ಐವತ್ತು ವರ್ಷದ ಹಳೆಯ ಪೈಲ್ವಾನ ಗೋಲ್ಡ್‌ಬರ್ಗ್ ಬಂದು 22 ಸೆಕೆಂಡಿನಲ್ಲಿ ಅದನ್ನು ಕಿತ್ತುಕೊಂಡರು. ನಾನು ಅಂಗಡಿಯಲ್ಲಿ ಎರಡೂ ಮಗ್ಗುಲಿನ ಆಧಾರ್ ಕಾರ್ಡ್ ಝೆರಾಕ್ಸ್ ತೆಗೆಯುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆ ಬೆಲ್ಟ್ ಗೋಲ್ಡ್‌ಬರ್ಗ್ ಅವರಿಂದ ಹೋದದ್ದಾದರೂ ಯಾವುದಾದರೂ ಹೊಸ ಹುಡುಗನಿಗೇ? ಇಲ್ಲ. ಒಂದು ತಿಂಗಳೊಳಗೆ ಬ್ರಾಕ್ ಲೆಸ್ನರ್ ಅವರ ಹೆಗಲಿಗೆ ಹೋಯಿತು, ವರ್ಷಕ್ಕೂ ಮಿಕ್ಕಿ ಅಲ್ಲಿಯೇ ಉಳಿಯಿತು. ಲೆಸ್ನರ್ ಅವರೂ ಮನಸ್ಸು ಬಂದಾಗ ಬಂದು ಹೋಗುವ ಹಳಬರೇ. ಮನೆಯ ಬಂಗಾರ ಒಬ್ಬ ಬೀಗರಿಂದ ಇನ್ನೊಬ್ಬ ಬೀಗರಿಗೆ ಹೋಯಿತು, ಮನೆಯ ಮಕ್ಕಳು ನೋಡುತ್ತಾ ನಿಂತರು.

ಗೋಲ್ಡ್‌ಬರ್ಗ್ ಅವರ ಮೇಲೆ ನನಗೆ ಕೋಪವಿಲ್ಲ. ಅವರು ಕೇಳಿದ್ದನ್ನು ನೀವು ಕೊಟ್ಟಿರೋ, ನೀವು ಕರೆದದ್ದಕ್ಕೆ ಅವರು ಬಂದರೋ, ದುಡಿದ ದೇಹ ಅವರದು. ಆದರೆ 2019ರ ಜೂನ್ 7ರ ಜೆಡ್ಡಾದ ರಾತ್ರಿಯನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಗೋಲ್ಡ್‌ಬರ್ಗ್ ಮತ್ತು ಅಂಡರ್‌ಟೇಕರ್ ಮೊದಲ ಸಲ ಎದುರುಬದುರು. ಹಿಂದೆ ನಮ್ಮ ಕಟ್ಟೆಯ ಮೇಲೆ ಕಾರ್ಡು ಹಿಡಿದು ಹುಡುಗರು ಜಗಳಾಡುತ್ತಿದ್ದ ಅದೇ ಜೋಡಿ. ಒಬ್ಬರಿಗೆ 52, ಇನ್ನೊಬ್ಬರಿಗೆ 54. ಗೋಲ್ಡ್‌ಬರ್ಗ್ ತಲೆ ಕಂಬಕ್ಕೆ ಬಡಿದು ಹಣೆಯಿಂದ ರಕ್ತ ಬಂತು, ತಲೆಗೆ ಪೆಟ್ಟಾಗಿ ಕಣ್ಣು ಮಂಕಾದವು. ಅಂತಹ ಸ್ಥಿತಿಯಲ್ಲಿ ಅವರು ಅಂಡರ್‌ಟೇಕರ್ ಅವರನ್ನು ತಲೆಕೆಳಗಾಗಿ ಎತ್ತಿದರು. ಎತ್ತಿದ್ದು ನಿಲ್ಲಲಿಲ್ಲ. ನೆತ್ತಿ ನೆಲಕ್ಕೆ ಬೀಳುವುದನ್ನು ಕಂಡು ನಾನು ಟಿವಿ ಮುಂದೆ ಎದ್ದು ನಿಂತೆ. ಇದು ಬರೆದಿಟ್ಟ ಸೋಲು ಗೆಲುವಲ್ಲ, ಇದು ಕುತ್ತಿಗೆ ಮುರಿಯುವ ಅಪಾಯ ಎಂದು ಕುಸ್ತಿ ನೋಡಿದ ಯಾರಿಗಾದರೂ ಗೊತ್ತಾಗುತ್ತದೆ. ಇಬ್ಬರು ಮುದುಕರು ಒಬ್ಬರನ್ನೊಬ್ಬರು ಬೀಳದಂತೆ ಹಿಡಿದುಕೊಂಡಿದ್ದರು, ಹಿಡಿತ ತಪ್ಪಿತು.

ಅಷ್ಟಾದರೂ ಒಂಬತ್ತು ತಿಂಗಳೊಳಗೆ, 2020ರ ಫೆಬ್ರುವರಿ 27ರಂದು ರಿಯಾದ್‌ನಲ್ಲಿ ಅದೇ ಗೋಲ್ಡ್‌ಬರ್ಗ್ ಅವರನ್ನು ಬ್ರೇ ವಯಾಟ್ ಅವರ ಎದುರು ನಿಲ್ಲಿಸಿದಿರಿ. ವಯಾಟ್ ಅವರ "ಫೀಂಡ್" ವೇಷವನ್ನು ಎಷ್ಟು ಪೆಟ್ಟು ಹಾಕಿದರೂ ಏಳುವ ಭೂತ ಎಂದು ನೀವೇ ತಿಂಗಳುಗಟ್ಟಲೆ ನಂಬಿಸಿದ್ದಿರಿ. ಮೂರು ನಿಮಿಷದೊಳಗೆ ಆ ಭೂತ ಬಿಟ್ಟು ಹೋಯಿತು. ನಮ್ಮಲ್ಲಿ ಮಂತ್ರವಾದಿಗಳೂ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ. ವಯಾಟ್ ಅವರು 2023ರ ಆಗಸ್ಟ್‌ನಲ್ಲಿ 36ನೇ ವಯಸ್ಸಿಗೆ ತೀರಿಕೊಂಡರು. ಆ ಸಾವಿಗೂ ಈ ಸೋಲಿಗೂ ಸಂಬಂಧವಿಲ್ಲ, ಹಾಗೆ ಜೋಡಿಸುವುದು ಅನ್ಯಾಯ. ನನ್ನ ಸಂಕಟ ಇಷ್ಟೇ: ಆ ಮನುಷ್ಯನ ಪಾಲಿಗೆ ಇದ್ದ ಕಡಿಮೆ ವರ್ಷಗಳಲ್ಲಿ ಒಂದಷ್ಟನ್ನು ತೆಗೆದು, ಎಲ್ಲವನ್ನೂ ಉಂಡು ಮುಗಿಸಿದ್ದವರ ತಾಟಿಗೆ ಬಡಿಸಲಾಯಿತು.

"ಅದು ನಮ್ಮ ಮಾವನವರ ಕಾಲದ ಮಾತು" ಎಂದು ನೀವು ಹೇಳಬಹುದು. ಸರಿ. ಕಂಪನಿ ನಡೆಸುತ್ತಿದ್ದ ನಿಮ್ಮ ಹೆಂಡತಿಯ ತಂದೆ ವಿನ್ಸ್ ಮೆಕ್‌ಮೆಹನ್ ಅವರು 2022ರ ಜುಲೈನಲ್ಲಿ ಇಳಿದ ಮೇಲೆ ಬರವಣಿಗೆಯ ಜವಾಬ್ದಾರಿ ನಿಮ್ಮ ಕೈಗೆ ಬಂತು, ಆ ಮೊದಲಿನದಕ್ಕೆಲ್ಲ ನಿಮ್ಮನ್ನು ಕಟಕಟೆಗೆ ಏರಿಸುವುದು ಸರಿಯಲ್ಲ. ಆದರೆ ಕಣದೊಳಗೆ ನೀವೇ ಇದ್ದ ಎರಡು ಸಂದರ್ಭಗಳನ್ನು ಮಾತ್ರ ನಾನು ಬಿಡಲಾರೆ. ನಿಮ್ಮ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯು 2001ರಲ್ಲಿ ಮುಚ್ಚಿದಾಗಿನಿಂದ ಅಲ್ಲಿನ ಸ್ಟಿಂಗ್ ಅವರು ನಿಮ್ಮ ಕಣದಲ್ಲಿ ಕುಸ್ತಿ ಆಡುತ್ತಾರೆಂದು ಹದಿನಾಲ್ಕು ವರ್ಷ ಕಾದೆವು. ರಾಮ ಕಾಡಿನಲ್ಲಿದ್ದದ್ದು ಅಷ್ಟೇ ವರ್ಷ. 2015ರಲ್ಲಿ ನಿಮ್ಮ ವರ್ಷದ ದೊಡ್ಡ ಜಾತ್ರೆಯಾದ ರೆಸಲ್‌ಮೇನಿಯಾದಲ್ಲಿ, ಬಿಸಿಲು ಇನ್ನೂ ಇಳಿದಿರದ ಮೈದಾನದಲ್ಲಿ ಅವರು ಕುಸ್ತಿಗೆ ಇಳಿದರು. ನೀವು ಸುತ್ತಿಗೆಯಿಂದ ಹೊಡೆದು ಗೆದ್ದಿರಿ. ಆಮೇಲೆ ಕೈ ಕುಲುಕಿದಿರಿ, ಅದೂ ಸರಿ. ವನವಾಸ ಮುಗಿಸಿ ಬಂದವನಿಗೆ ಊರ ಬಾಗಿಲಿನಲ್ಲಿಯೇ ಸುತ್ತಿಗೆ ಏಟು ಯಾಕೆ ಎಂದು ಆ ದಿನ ಕೇಳಿದ ನನ್ನ ತಮ್ಮನಿಗೆ ನಾನು ಈವರೆಗೂ ಉತ್ತರ ಕೊಟ್ಟಿಲ್ಲ. ಎರಡನೆಯದು 2018ರ ನವೆಂಬರ್ 2ರ ರಿಯಾದ್. ನೀವು ಮತ್ತು ಶಾನ್ ಮೈಕಲ್ಸ್ ಒಂದು ಕಡೆ, ಅಂಡರ್‌ಟೇಕರ್ ಮತ್ತು ಕೇನ್ ಇನ್ನೊಂದು ಕಡೆ. ಅಂಗಡಿಯವನ ಚಾಳಿ, ನಾಲ್ವರ ವಯಸ್ಸು ಕೂಡಿಸಿದೆ: 206. ಮೈಕಲ್ಸ್ 2010ರಲ್ಲಿ ಕಣ್ಣೀರು ಬರುವಷ್ಟು ಚೆನ್ನಾಗಿ ನಿವೃತ್ತರಾಗಿದ್ದರು. ಕೇನ್ ಆಗಷ್ಟೇ ಟೆನ್ನೆಸಿಯಲ್ಲಿ ನಾಕ್ಸ್ ಕೌಂಟಿಯ ಮೇಯರ್ ಆಗಿ ಕುರ್ಚಿ ಹಿಡಿದಿದ್ದರು. ಆ ರಾತ್ರಿ ಕೇನ್ ಅವರ ಮುಖವಾಡ ಕಳಚಿ ಬಿತ್ತು, ನಿಮ್ಮ ಎದೆಯ ಸ್ನಾಯು ಹರಿಯಿತು. ಹರಿದ ಸ್ನಾಯುವಿನಲ್ಲಿಯೇ ನೀವು ಕೊನೆಯವರೆಗೂ ಆಡಿದಿರಿ, ಆ ಛಲಕ್ಕೆ ಕೈಮುಗಿಯುತ್ತೇನೆ. ಆದರೆ ಆ ಛಲ ಬೇಕಾಗುವಂತಹ ಜೋಡಿಯನ್ನು ಕಟ್ಟಿದ್ದೇ ತಪ್ಪು.

ಸಿಎಂ ಪಂಕ್ ಎಂಬ ಪೈಲ್ವಾನರ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ನಿಮಗೂ ಚೆನ್ನಾಗಿ ಗೊತ್ತು. 434 ದಿನ ಬೆಲ್ಟ್ ಹೊತ್ತವರು 2013ರ ಜನವರಿಯಲ್ಲಿ ಹಾಲಿವುಡ್‌ನಿಂದ ಮರಳಿ ಬಂದ ಹಳೆಯ ಪೈಲ್ವಾನ ದಿ ರಾಕ್ ಅವರಿಗೆ ಸೋಲಬೇಕಾಯಿತು. ವರ್ಷ ತುಂಬುವ ಹೊತ್ತಿಗೆ ಕಂಪನಿ ಬಿಟ್ಟು ಹೋದರು. ಸುಮಾರು ಹತ್ತು ವರ್ಷದ ಮೇಲೆ, 2023ರ ನವೆಂಬರ್‌ನಲ್ಲಿ ಶಿಕಾಗೋದಲ್ಲಿ ಅವರನ್ನು ನೀವೇ ಮರಳಿ ಕರೆತಂದಿರಿ. ಅಂದು ಹಳಬರ ಕಾಲಿಗೆ ಸಿಕ್ಕವರೇ ಇಂದು ಹಳಬರಾಗಿ ಬಂದಿದ್ದಾರೆ. ಈಗ ಅವರ ಕಾಲಿಗೆ ಯಾರು ಸಿಗುತ್ತಾರೆಂದು ನೋಡುತ್ತಿದ್ದೇನೆ.

ಮರಳಿ ಬರುವುದು ಹೇಗೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಇಲ್ಲವೆಂದಲ್ಲ. ಎಡ್ಜ್ ಅವರು 2011ರಲ್ಲಿ ಕುತ್ತಿಗೆಯ ತೊಂದರೆಯಿಂದ ನಿಂತರು. ಒಂಬತ್ತು ವರ್ಷದ ನಂತರ 2020ರಲ್ಲಿ ರಾಯಲ್ ರಂಬಲ್ ಎಂಬ ದೊಡ್ಡ ಪಂದ್ಯಕ್ಕೆ ಹೂಸ್ಟನ್‌ನ ಆ ಸುರಂಗದಿಂದ ಹೊರಬಂದಾಗ ಅವರ ಕಣ್ಣು ನೋಡಬೇಕಿತ್ತು, ಅವರಿಗೇ ನಂಬಿಕೆ ಇರಲಿಲ್ಲ. ಬಂದವರು ಕೂತು ಉಣ್ಣಲಿಲ್ಲ. ಮರುವರ್ಷ ರಂಬಲ್ ಗೆದ್ದು, ರೆಸಲ್‌ಮೇನಿಯಾದಲ್ಲಿ ರೋಮನ್ ರೇನ್ಸ್ ಅವರಿಗೆ ಸೋತು ಬೆನ್ನು ಕೊಟ್ಟರು. ಇನ್ನು ನಿಮ್ಮ ಸುತ್ತಿಗೆ ಏಟು ತಿಂದ ಸ್ಟಿಂಗ್ ಅವರಿಗೆ ನಿಜವಾದ ಬೀಳ್ಕೊಡುಗೆ ಸಿಕ್ಕಿದ್ದು ನಿಮ್ಮ ಎದುರಿನ ಅಂಗಡಿಯಲ್ಲಿ, ಹೀಗೆ ಹೇಳಿದ್ದಕ್ಕೆ ಕ್ಷಮೆ ಇರಲಿ. ಎಇಡಬ್ಲ್ಯುನವರು ಅವರನ್ನು ಒಬ್ಬಂಟಿಯಾಗಿ ನಿಲ್ಲಿಸದೆ ಡಾರ್ಬಿ ಆಲಿನ್ ಎಂಬ ಹುಡುಗನ ಜೊತೆ ಜೋಡಿ ಕಟ್ಟಿದರು. ಭಾರವಾದ ಕೆಲಸವನ್ನೆಲ್ಲ ಹುಡುಗ ಮಾಡಿದ, ಜನ ಹಿರಿಯರನ್ನು ನೋಡಲು ಬಂದು ಹುಡುಗನ ಹೆಸರು ಕಲಿತು ಹೋದರು. 2024ರ ಮಾರ್ಚ್ 3ರಂದು ಗ್ರೀನ್ಸ್‌ಬರೊದಲ್ಲಿ, 64ನೇ ವಯಸ್ಸಿನಲ್ಲಿ ಸ್ಟಿಂಗ್ ಗೆದ್ದೇ ನಿಂತರು. ಗೆದ್ದು ನಿಲ್ಲುವುದು ಕುಸ್ತಿಯ ಸಂಪ್ರದಾಯವಲ್ಲ, ಆದರೂ ನಾನು ತಕರಾರು ಮಾಡುವುದಿಲ್ಲ. ಅವರು ಅಷ್ಟರಲ್ಲಿ ಸಾಲ ತೀರಿಸಿದ್ದರು.

ಈಗ ಜಾನ್ ಸೀನಾ. ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ, ಏಕೆಂದರೆ ಅವರನ್ನು ನಾನು ಕಣ್ಣಾರೆ ನೋಡಿದ್ದೇನೆ. 2023ರ ಸೆಪ್ಟೆಂಬರ್ 8ರಂದು ಹೈದರಾಬಾದಿನ ಗಚ್ಚಿಬೌಲಿ ಒಳಾಂಗಣ ಕ್ರೀಡಾಂಗಣಕ್ಕೆ ಅವರು ಬಂದಾಗ, ಮಗನನ್ನು ಕರೆದುಕೊಂಡು ರಾತ್ರಿ ಬಸ್ ಹಿಡಿದಿದ್ದೆ. ಮಗ ಆಗ ಒಂಬತ್ತನೆಯ ಈಯತ್ತೆ. ನಮ್ಮ ಆಸನದಿಂದ ಸೀನಾ ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಆದರೂ ಆ ತುತ್ತೂರಿಯ ಸದ್ದು ಬಂದಾಗ ನನ್ನ ಪಕ್ಕದ, ತಲೆ ಬೆಳ್ಳಗಾದ ಒಬ್ಬ ಗೃಹಸ್ಥರು "ನಾನು ನಿನಗೆ ಕಾಣುವುದಿಲ್ಲ" ಎಂದು ಸೀನಾ ಮಾಡುವ ಸನ್ನೆಯಂತೆ ಮುಖದ ಮುಂದೆ ಅಂಗೈ ಆಡಿಸುತ್ತಾ ಅಳುತ್ತಿದ್ದರು. ಅದೇ ಅಂಗೈ ಆಟವನ್ನು ನಮ್ಮ ಅಂಗಡಿಯ ಮುಂದಿನ ಹುಡುಗರು ಉದ್ರಿ ಕೇಳಿದಾಗಲೆಲ್ಲ ಆಡಿಸಿ ಓಡಿ ಹೋಗುತ್ತಿದ್ದರು. ಅವರಿಂದ ನನಗೆ ಎಷ್ಟು ನಷ್ಟವಾಗಿದೆ ಎಂಬ ಲೆಕ್ಕ ಸೀನಾ ಅವರಿಗೆ ಕಳಿಸಬೇಕು. ಭಾರತದಲ್ಲಿ ಅದು ಅವರ ಮೊದಲ ಕುಸ್ತಿ. ಸೇಥ್ ರಾಲಿನ್ಸ್ ಜೊತೆಗೂಡಿ ಆಡಿದರು, ಗೆದ್ದರು, ಹೋದರು. ಹೆಚ್ಚೇನೂ ಕೊಡಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ಖುಷಿಯಾಗಿ ಬಂದೆವು.

2025ರ ಅವರ ವಿದಾಯದ ವರ್ಷವನ್ನು ನೀವು ಹೇಗೆ ಖರ್ಚು ಮಾಡಿದಿರಿ ನೋಡಿ. ಇಪ್ಪತ್ತು ವರ್ಷ ಕೇಡಿಯಾಗದ ಮನುಷ್ಯನನ್ನು ಮಾರ್ಚ್ 1ರಂದು ಟೊರಾಂಟೊದಲ್ಲಿ ಕೇಡಿ ಮಾಡಿದಿರಿ. ಒಳ್ಳೆಯ ಯೋಚನೆ, ನಾನೂ ಕುರ್ಚಿಯಿಂದ ಎದ್ದೆ. ಅದಕ್ಕೆ ಕಾರಣನಾದ ರಾಕ್ ಆಮೇಲೆ ಆ ಕಥೆಗೆ ತಿರುಗಿ ಬರಲೇ ಇಲ್ಲ. ಪಾತ್ರಧಾರಿಯೊಬ್ಬ ಮೊದಲ ಅಂಕದಲ್ಲಿ ಬೆಂಕಿ ಹಚ್ಚಿ ಮನೆಗೆ ಹೋದರೆ ಉಳಿದವರು ಬೂದಿಯಲ್ಲಿ ಏನು ಆಡಬೇಕು? ಏಪ್ರಿಲ್‌ನಲ್ಲಿ ಹದಿನೇಳನೆಯ ವಿಶ್ವ ಚಾಂಪಿಯನ್ ಪ್ರಶಸ್ತಿ ಬಂತು, ಅದಕ್ಕಾಗಿ ಜನ ಎಷ್ಟೋ ವರ್ಷ ಕಾದಿದ್ದರು, ಬಂದಾಗ ಯಾರೂ ಕುಣಿಯಲಿಲ್ಲ. ಆಗಸ್ಟ್ ಹೊತ್ತಿಗೆ ಮತ್ತೆ ಒಳ್ಳೆಯವರಾದರು. ಸೆಪ್ಟೆಂಬರ್ 20ರಂದು ಇಂಡಿಯಾನಾಪೊಲಿಸ್‌ನಲ್ಲಿ, ಎರಡು ವರ್ಷ ಕಾಣದೇ ಇದ್ದ 48ರ ಲೆಸ್ನರ್ ಬಂದು ಹೊರಟು ನಿಂತ ಸೀನಾ ಅವರನ್ನು ಚಿಂದಿ ಮಾಡಿದರು. ಹೋಗುವವನ ಕೊನೆಯ ತಿಂಗಳುಗಳ ಸೋಲು ಎಂಬುದು ಒಂದು ಆಸ್ತಿ. ಅದನ್ನು ಯಾವ ಹುಡುಗನಿಗಾದರೂ ಬರೆದುಕೊಡಬಹುದಿತ್ತು. ಆಸ್ತಿ ಇದ್ದವನಿಗೇ ಬರೆದುಕೊಟ್ಟಿರಿ. ಅಕ್ಟೋಬರ್‌ನಲ್ಲಿ ಪರ್ತ್‌ನಲ್ಲಿ ಎಜೆ ಸ್ಟೈಲ್ಸ್ ಅವರ ಜೊತೆಗಿನ ಕುಸ್ತಿ ಮಾತ್ರ ಸಕ್ಕರೆ. ಇಬ್ಬರೂ ಹಳೆಯ ಎದುರಾಳಿಗಳ ಪಟ್ಟುಗಳನ್ನು ಒಂದೊಂದಾಗಿ ನೆನೆದು ಹಾಕಿದರು. ನಮ್ಮಲ್ಲಿ ಪೈಲ್ವಾನರು ಕಣಕ್ಕಿಳಿಯುವಾಗ ವಸ್ತಾದರನ್ನು ನೆನೆದು ಮಣ್ಣು ಮುಟ್ಟುತ್ತಾರೆ, ಹಾಗಿತ್ತು ಅದು.

ಡಿಸೆಂಬರ್ 13ರ ವಾಷಿಂಗ್ಟನ್ ಕುಸ್ತಿ, ಸೀನಾ ಅವರ ಕೊನೆಯದು, ನಮಗೆ ಭಾನುವಾರ ಬೆಳಗಾಯಿತು. ಚಳಿ ಇತ್ತು, ಮನೆಯಾಕೆ ರೊಟ್ಟಿ ಬಡಿಯುತ್ತಿದ್ದಳು, ನಾನು ಮತ್ತು ಮಗ ಒಂದೇ ಕಂಬಳಿಯಲ್ಲಿ ಕೂತಿದ್ದೆವು. ಎದುರಾಳಿ ಗುಂಥರ್ ಸೀನಾ ಅವರ ಕುತ್ತಿಗೆಗೆ ತೋಳು ಬಿಗಿದರು. "ಸೋಲೊಪ್ಪಬೇಡ" ಎಂದು ಅಂಗಿಯ ಮೇಲೆ ಬರೆಸಿಕೊಂಡ ಮನುಷ್ಯ ಸಣ್ಣಗೆ ನಕ್ಕು, ಅಂಗೈ ತಟ್ಟಿ ಸೋಲೊಪ್ಪಿಕೊಂಡರು. ಮಗ ಕಂಬಳಿ ಒಗೆದು ಎದ್ದು ಹೋದ. ಅಲ್ಲಿ ಜನ ನಿಮ್ಮನ್ನು ನೋಡಿ ಕೂಗಾಡಿದರು. ಲೆವೆಕ್ ಅವರೇ, ಇಷ್ಟೊತ್ತು ನಿಮ್ಮನ್ನು ಬೈದಿದ್ದೇನೆ, ಆದರೆ ಆ ಕೂಗಿನಲ್ಲಿ ನನ್ನ ದನಿ ಇರಲಿಲ್ಲ. ಹೋಗುವವರು ಸೋತು ಹೋಗಬೇಕು, ಆಡಿ ಸೋಲಬೇಕು, ಎದುರಿನವನು ನಿಜವಾಗಿ ಕೆಡವಬೇಕು. ನನ್ನ ಮಾವನಿಗೆ ಸಿಗದ ಮರ್ಯಾದೆ ಅದು. ಅದೇ ರಾತ್ರಿ ಹೊಸಬರನ್ನು ಬೆಳೆಸುವ ನಿಮ್ಮ ಎನ್‌ಎಕ್ಸ್‌ಟಿ ವಿಭಾಗದ ಹೊಸ ಹುಡುಗ ಹುಡುಗಿಯರನ್ನು ದೊಡ್ಡ ಹೆಸರಿನವರ ಎದುರು ನಿಲ್ಲಿಸಿದ್ದಿರಿ. ಅದನ್ನು ಮಗನಿಗೆ ಹೇಳಿದೆ. ಅವನು ಒಪ್ಪಲಿಲ್ಲ, ಆ ದಿನ ಮಧ್ಯಾಹ್ನದವರೆಗೂ ನನ್ನೊಡನೆ ಮಾತಾಡಲಿಲ್ಲ.

ಒಂದು ತಕರಾರು ಮಾತ್ರ ಉಳಿಯಿತು. ಜುಲೈ 12ರಂದು ಅಟ್ಲಾಂಟಾದಲ್ಲಿ 58ರ ಗೋಲ್ಡ್‌ಬರ್ಗ್ ಅವರನ್ನು ನಿವೃತ್ತಿಗೊಳಿಸಿದ್ದೂ ಇದೇ ಗುಂಥರ್, ಕುತ್ತಿಗೆ ಹಿಡಿದೇ. ಐದು ತಿಂಗಳಲ್ಲಿ ಎರಡು ದೊಡ್ಡ ವಿದಾಯಗಳು ಒಬ್ಬನ ಗಂಟಿಗೆ. ಗುಂಥರ್ ಈಗಾಗಲೇ ಬೆಳೆದು ನಿಂತ ಮರ. ನೀರು ಸಸಿಗೆ ಹಾಕಬೇಕಿತ್ತು. ಅಟ್ಲಾಂಟಾದ ಬಗ್ಗೆ ಇನ್ನೊಂದು. ಕುಸ್ತಿ ಮುಗಿದು ಗೋಲ್ಡ್‌ಬರ್ಗ್ ತಮ್ಮ ಊರಿನವರ ಮುಂದೆ ಮೈಕ್ ಹಿಡಿದು ಮಾತಾಡುತ್ತಿದ್ದಾಗಲೇ ಪ್ರಸಾರ ನಿಂತು ಹೋಯಿತು. 22 ಸೆಕೆಂಡಿನ ಗೆಲುವನ್ನು ಕೊಟ್ಟವರು ಕೊನೆಯ ಎರಡು ಮಾತಿಗೆ ಸಮಯ ಕೊಡಲಿಲ್ಲ. ಆ ಮನುಷ್ಯನ ಬಗ್ಗೆ ನನಗೆ ಮರುಕ ಹುಟ್ಟಬಹುದು ಎಂದು ನಾನು ಎಂದೂ ಅಂದುಕೊಂಡಿರಲಿಲ್ಲ.

ಮಾವನ ಜೊತೆ ಬರೋಬರಿ ಆಡಿದ ಆ ಹುಡುಗನ ಸಂಗತಿ ಹೇಳಲಿಲ್ಲ. ಮುದುಕನನ್ನು ಕೆಡವಲಾಗದವನು ಎಂಬ ಹೆಸರು ಅವನಿಗೆ ಅಂಟಿತು. ಮರುವರ್ಷದ ಜಾತ್ರೆಗಳಲ್ಲಿ ಅವನಿಗೆ ಒಳ್ಳೆಯ ಜೋಡಿ ಸಿಗಲಿಲ್ಲ, ಅದರ ಮರುವರ್ಷ ಅವನು ತಾಲೀಮು ಬಿಟ್ಟ. ಕೆಲವು ವರ್ಷದ ಹಿಂದೆ ಟ್ರ್ಯಾಕ್ಟರ್ ಸಾಲಕ್ಕೆ ಉತಾರ ಝೆರಾಕ್ಸ್ ಮಾಡಿಸಲು ನನ್ನ ಅಂಗಡಿಗೆ ಬಂದಿದ್ದ. ಕಿವಿ ನೋಡಿ ಗುರುತು ಹಿಡಿದೆ. ಹೊಟ್ಟೆ ಬಂದಿತ್ತು. ಹಳೆಯದನ್ನು ನಾನು ಎತ್ತಲಿಲ್ಲ, ಅವನೇ ಕೇಳಿದ: "ನಿಮ್ಮ ಮಾವನವರ ಮೊಣಕಾಲು ಈಗ ಹೇಗಿದೆ?"

ಆದ್ದರಿಂದ ನನ್ನ ವಿನಂತಿ ಹೀಗಿದೆ. ಹಳಬರನ್ನು ಕರೆಯಿರಿ, ಆದರೆ ವಾರ ವಾರ ದುಡಿಯುವವರ ಹೆಗಲಿನ ಬೆಲ್ಟ್ ಕಿತ್ತು ಅವರಿಗೆ ಕೊಡಬೇಡಿ. ಕೊಡಲೇಬೇಕಾದ ಕಥೆ ಬಂದರೆ, ಅವರಿಂದ ಅದು ಯಾವ ಹೊಸಬನ ಕೈಗೆ ಹೋಗುತ್ತದೆ ಎಂಬುದನ್ನು ಬರೆದಿಟ್ಟುಕೊಂಡ ಮೇಲೆಯೇ ಕೊಡಿ. ಐವತ್ತು ದಾಟಿದವರನ್ನು ಒಬ್ಬಂಟಿಯಾಗಿ ನಿಲ್ಲಿಸುವ ಬದಲು ಒಬ್ಬ ಹುಡುಗನ ಜೊತೆ ಜೋಡಿ ಕಟ್ಟಿ. ಕಣಕ್ಕೆ ಇಳಿಯಬಹುದೇ ಎಂಬುದನ್ನು ಟಿಕೆಟ್ ಮಾರುವವರ ಬದಲು ವೈದ್ಯರು ಹೇಳಲಿ. 2021ರಲ್ಲಿ ಹೃದಯದ ತೊಂದರೆಯಾಗಿ, ಮರುವರ್ಷ ರೆಸಲ್‌ಮೇನಿಯಾದಲ್ಲಿ ನಿಮ್ಮ ಬೂಟುಗಳನ್ನು ಕಣದ ನಡುವೆ ಬಿಟ್ಟು ಹೋದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಶಾನ್ ಮೈಕಲ್ಸ್ ಈಗ ಎನ್‌ಎಕ್ಸ್‌ಟಿಯಲ್ಲಿ ಹುಡುಗರನ್ನು ತಿದ್ದುತ್ತಿದ್ದಾರೆ. ರಿಯಾದ್‌ನ ಆ ಒಂದು ರಾತ್ರಿಗಿಂತ ಈ ಕೆಲಸಕ್ಕೆ ಹತ್ತು ಪಾಲು ಬೆಲೆ ಇದೆ. ಅಂತಹ ಜಾಗಗಳನ್ನು ಇನ್ನಷ್ಟು ಹಳಬರಿಗೆ ಮಾಡಿಕೊಡಿ. ವಿದಾಯ ಎಂದು ಒಮ್ಮೆ ಟಿಕೆಟ್ ಮಾರಿದ ಮೇಲೆ ಅದೇ ಮನುಷ್ಯನ ವಿದಾಯವನ್ನು ಎರಡನೆಯ ಸಲ ಮಾರಬೇಡಿ. ಮತ್ತು ಯಾರೇ ಆಗಲಿ, ಕೊನೆಯ ದಿನ ಮೈಕ್ ಹಿಡಿದರೆ ಅವರು ಕೆಳಗಿಡುವವರೆಗೆ ಕ್ಯಾಮೆರಾ ಆರಿಸಬೇಡಿ.

ಇನ್ನೊಂದು ಸಲ ಭಾರತಕ್ಕೆ ಬಂದರೆ ಪೋಸ್ಟರಿನ ಮೇಲೆ ಯಾರ ಮುಖ ಹಾಕುತ್ತೀರೋ ಅವರ ಈಗಿನ ಫೋಟೊ ಹಾಕಿಸಿ, ಇಪ್ಪತ್ತು ವರ್ಷದ ಹಿಂದಿನದು ಬೇಡ. ನರೆತ ಗಡ್ಡವಿದ್ದರೂ ನಾವು ಬರುತ್ತೇವೆ.

ಉತ್ತರ ಬರೆಯುವ ಮನಸ್ಸು ಬಂದರೆ ಇಂಗ್ಲಿಷಿನಲ್ಲಿಯೇ ಬರೆಯಿರಿ, ಅಡ್ಡಿಯಿಲ್ಲ. ಮಗ ಓದಿ ಹೇಳುತ್ತಾನೆ. ವಾಷಿಂಗ್ಟನ್ ವಿಷಯದಲ್ಲಿ ಅವನು ನಿಮ್ಮನ್ನು ಇನ್ನೂ ಕ್ಷಮಿಸಿಲ್ಲ, ಆ ಭಾಗವನ್ನು ಸ್ವಲ್ಪ ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಪ್ರೇಕ್ಷಕ,
ನವನಗರ, ಬಾಗಲಕೋಟೆ.